ಕಿಟಕಿಗೆ ಮಾತ್ರ

ಮೌನೇಶ ಆಳಗಣಿಯಿಂದ ಮೇಲೆ ಬಂದ ವಾರದಲ್ಲೇ ಮಗಳಿಗೆಂದು ಚಪ್ಪಲಿ ತಂದ. ಮಗಳು ಸತ್ತು ವರ್ಷದ ಮೇಲಾಗಿತ್ತು.

ಕೆಂಪು ಪಟ್ಟಿ, ಅದರ ಮೇಲೆ ಹಳದಿ ಚಿಟ್ಟೆ. ಬಾಗಿಲ ಬಳಿಯ ಗೂಡಿನಲ್ಲಿ, ಮನೆಯವರ ಚಪ್ಪಲಿಗಳ ಸಾಲಿನಲ್ಲಿ ಅವನ್ನು ಜೋಡಿಸಿಟ್ಟು, ಒಂದು ಹೆಜ್ಜೆ ಹಿಂದೆ ಸರಿದು ನೋಡಿದ.

"ಹೆಂಗದಾವ?"

ಹುಲಿಗೆಮ್ಮನ ಕೈಗೆ ರೊಟ್ಟಿಯ ಹಿಟ್ಟು ಮೆತ್ತಿತ್ತು. "ಯಾರಿಗೆ?" ಎಂದಳು.

"ಯಾರಿಗೆ ಅಂದ್ರ? ನೀಲಿಗೆ. ಹಳೇವು ಹರದಾವಲ್ಲ."

ಗಂಡ ತಮಾಷೆ ಮಾಡುತ್ತಿದ್ದಾನೆ ಎಂದುಕೊಳ್ಳಲು ಅವಳು ಪ್ರಯತ್ನಿಸಿದಳು. ಕೆಲವರು ಇಂಥ ತಮಾಷೆಯನ್ನೂ ಮಾಡುತ್ತಾರೆ. ಇವನು ಮಾಡುವವನಲ್ಲ.

"ನೀಲಿ ಎಲ್ಲದಾಳ?" ಎಂದು ಮೆಲ್ಲಗೆ ಕೇಳಿದಳು.

"ಶಾಲಿಗೆ ಹೋಗ್ಯಾಳ."

ಹಗುರಾದ ದನಿ. ಗಾಯವಿಲ್ಲದ ದನಿ. ಆ ವಾಕ್ಯ ಅವಳಿಗೆ ಗೊತ್ತಿತ್ತು. ಅದನ್ನು ತನ್ನ ಬೆರಳುಗಳಿಂದಲೇ ಅವಳು ಕೀಲಿಮಣೆಯ ಮೇಲೆ ಬರೆದಿದ್ದಳು, ಆದರೆ ಈ ಬಾಯಿಗಾಗಿ ಅಲ್ಲ.

ಆ ಸೀಮೆಯ ಚಿನ್ನವೆಲ್ಲ ಆಗಲೇ ತುಂಬ ಕೆಳಗೆ ಹೋಗಿತ್ತು. ಅಲ್ಲಿನ ಬಂಡೆಗೆ ಅಂಗೈ ಒತ್ತಿದರೆ ಚರ್ಮ ಅಂಟಿಕೊಂಡು ಬರುವಷ್ಟು ಕಾವು. ತಂಪಿನ ಅಂಗಿ ತೊಟ್ಟ ಮೈ ತಾಳುತ್ತಿತ್ತು, ಮನಸ್ಸು ತಾಳುತ್ತಿರಲಿಲ್ಲ. ಗಣಿಯವರು ಇದಕ್ಕೊಂದು ದಾರಿ ಹುಡುಕಿದರು. ಇಳಿಯುವ ಮುನ್ನ ಮನುಷ್ಯನ ಮನಸ್ಸನ್ನು ಪೂರ್ತಿ ಓದಿ ತಣ್ಣನೆಯ ಕೋಣೆಯಲ್ಲಿ ಇಡುವುದು. ಅದಕ್ಕೆ ಮೂಲ ಎಂದು ಹೆಸರು. ಮೈಯೊಳಗೆ ಕೊರೆಯಲು, ಹೊರಲು, ಮಲಗಲು ಬೇಕಾದಷ್ಟೇ ತುಂಬಿ ಕೆಳಗೆ ಕಳಿಸುವುದು. ಮನೆಯವರಿಗಾಗಿ ಅದೇ ಮೂಲದಿಂದ ನೆನಪುಗಳ ಇನ್ನೊಂದು ಕಟ್ಟು ತೆಗೆದು ಗೋಡೆಯ ಗಾಜಿನಲ್ಲಿ ಓಡಿಸುವುದು. ಗಾಜಿನಲ್ಲಿ ಅವನ ಮುಖ, ಅವನ ದನಿ, ಅವನದೇ ಮಾತು. ತಿಂಗಳುಗಳ ನಂತರ ಮೇಲೆ ಬಂದ ಮೈಗೆ ಮೂಲದಿಂದ ಪೂರ್ತಿ ಮನಸ್ಸನ್ನು ಮತ್ತೆ ಕಟ್ಟಿ ಕೊಡುವುದು; ಮನೆಯ ಗಾಜು ಆರಿಸುವುದು.

ಗಣಿ ಕಾಲೊನಿಯ ಜನ ಗಾಜನ್ನು ಕಿಟಕಿ ಎನ್ನುತ್ತಿದ್ದರು. ನಿಯಂತ್ರಣ ಕೋಣೆಯಲ್ಲಿ ಮಾತ್ರ ಅದಕ್ಕೆ ಇನ್ನೂ ಬ್ರೌಸರ್ ಎಂಬ ಅಜ್ಜನ ಕಾಲದ ಹೆಸರಿತ್ತು. ಈ ಕಟ್ಟುಗಳನ್ನು ಕಟ್ಟುವ ಪ್ರೋಗ್ರಾಮು ಕೂಡ ಆ ಕಾಲದ್ದೇ, ಜಾವಾಸ್ಕ್ರಿಪ್ಟ್ ಎಂಬ ಭಾಷೆಯದ್ದು. ಯಾರೂ ಅದನ್ನು ಪ್ರೀತಿಸಲಿಲ್ಲ, ಯಾರಿಗೂ ಅದನ್ನು ಬಿಡುವ ಧೈರ್ಯವೂ ಬರಲಿಲ್ಲ.

ಆ ಪ್ರೋಗ್ರಾಮನ್ನು ಅವರು ಪತ್ತೆಗಾರ ಎನ್ನುತ್ತಿದ್ದರು. ಅದರ ಕೆಲಸ ಸರಳ. 'ಚಹಾ ಬೇಕು' ಎಂಬಲ್ಲಿಂದ ಹೊರಟರೆ ಅದು ರುಚಿಯನ್ನು ಕರೆಯುತ್ತದೆ. ರುಚಿ ಬಿಸಿಯನ್ನು ಕರೆಯುತ್ತದೆ, ಬಿಸಿ ಯಾವುದೋ ಬಾಲ್ಯದ ಸುಟ್ಟ ನಾಲಿಗೆಯನ್ನು. ಯಾರು ಯಾರನ್ನು ಕರೆದರು ಎಂದು ಹಿಂಬಾಲಿಸುತ್ತ, ಸಿಕ್ಕ ಪ್ರತಿ ಮಾಡ್ಯೂಲನ್ನೂ, ಅಂದರೆ ಮನಸ್ಸಿನ ಪ್ರತಿ ತುಣುಕನ್ನೂ, ಕಟ್ಟಿಗೆ ಹಾಕಿಕೊಳ್ಳುತ್ತ ಅದು ಹೋಗುತ್ತದೆ. ಯಾರೂ ಕರೆಯದೇ ಇದ್ದದ್ದು ಕಟ್ಟಿಗೆ ಬರುವುದಿಲ್ಲ.

ಕಿಟಕಿಗೆ ಒಂದು ತೊಡಕಿತ್ತು. ಗಾಜಿಗೆ ಹೊಟ್ಟೆಯಿಲ್ಲ, ಕೈಯಿಲ್ಲ, ಮೂಗಿಲ್ಲ. ಅವುಗಳನ್ನು ಯಾವುದಾದರೂ ನೆನಪು ಕರೆದರೆ ಇಡೀ ಕಟ್ಟು ಬಿದ್ದು ಹೋಗಬಾರದು. ಅದಕ್ಕೇ ಪ್ರತಿ ಮನಸ್ಸಿನ ಜೊತೆ ಒಂದು ಬದಲಿ ಪಟ್ಟಿ ಇರುತ್ತಿತ್ತು: ಬ್ರೌಸರ್ ಆದರೆ ಇದರ ಜಾಗದಲ್ಲಿ ಅದು, ಅಥವಾ ಇದರ ಜಾಗದಲ್ಲಿ ಖಾಲಿ. ಖಾಲಿ ಮಾಡ್ಯೂಲು ದೂರು ಹೇಳುವುದಿಲ್ಲ. ಕರೆದರೆ ಬರುತ್ತದೆ, ಏನನ್ನೂ ತರುವುದಿಲ್ಲ. ಮನೆಯವರೂ ತಮ್ಮ ಬದಲಿಗಳನ್ನು ಸೇರಿಸಬಹುದಿತ್ತು. ಬಹಳ ಜನ ಸೇರಿಸುತ್ತಿದ್ದರು. ಗಂಡನ ಗೊರಕೆ ಬೇಡ, ಮಾವನ ರಾಜಕೀಯ ಬೇಡ.

ಮೌನೇಶನ ಬದಲಿ ಅವನ ತಾಯಿಗಾಗಿ. ಈರಮ್ಮನಿಗೆ ಮರೆವು. ನೀಲಿ ಸತ್ತ ಮೇಲೂ ಮುದುಕಿ ಸಂಜೆಯಾದರೆ "ಕೂಸೆಲ್ಲಿ?" ಎನ್ನುತ್ತಿದ್ದಳು. ಮೊದಮೊದಲು ನಿಜ ಹೇಳಿದರು. ಅವಳು ಪ್ರತಿ ಸಂಜೆಯೂ ಆ ಸುದ್ದಿಯನ್ನು ಮೊದಲ ಸಲ ಕೇಳಿದಳು, ಪ್ರತಿ ಸಂಜೆಯೂ ಎದೆ ಬಡಿದುಕೊಂಡಳು. ಕೊನೆಗೆ ಮನೆಯಲ್ಲಿ ಒಂದು ಪದ್ಧತಿ ಬಂತು. ಮುದುಕಿ ಕೇಳಿದಾಗ ಮೌನೇಶ ಗೋಡೆಯ ಕಡೆ ಮುಖ ತಿರುಗಿಸಿ "ಶಾಲಿಗೆ ಹೋಗ್ಯಾಳವ್ವ" ಎನ್ನುವುದು. ಆದರೆ ಕಿಟಕಿ ಮುಖವನ್ನು ಗೋಡೆಗೆ ತಿರುಗಿಸಲಾರದು, ಅದು ಇರುವುದೇ ಗೋಡೆಯಲ್ಲಿ. ಆದ್ದರಿಂದ ಗಣಿಗೆ ಇಳಿಯುವ ಮುನ್ನ ಮೌನೇಶ ಹೇಳಿದ್ದ: "ಕಿಟಕ್ಯಾಗ ಆಕಿ ಸತ್ತದ್ದು ಹಾಕಬ್ಯಾಡ ಹುಲಿಗಿ. ಆ ಜಾಗಕ್ಕ ಈ ಮಾತು ಹಾಕು, ಸಾಕು." ಹುಲಿಗೆಮ್ಮ ಗಣಿಯ ಪತ್ತೆಗಾರ ವಿಭಾಗದಲ್ಲೇ ಎಂಜಿನಿಯರು. ತಾನೇ ಬರೆದಳು. ಮುಂದೆ ಬ್ರೌಸರಿಗೆ ಮಾತ್ರ ಎಂಬ ಗುರುತನ್ನೂ ಹಾಕಿದಳು.

ಗುರುತು ಅಲ್ಲೇ ಇತ್ತು. ಮರುದಿನ ನಿಯಂತ್ರಣ ಕೋಣೆಯಲ್ಲಿ ಅವಳು ಮೊದಲು ನೋಡಿದ್ದೇ ಅದನ್ನು.

"ಖಾಜಾ, ಕಿಟಕಿ ಬದಲಿ ಮೈಗೂ ಹತ್ತೇತಿ."

ಖಾಜಾ ಅವಳ ಜೊತೆ ಕೆಲಸ ಮಾಡುವವನು. ಪತ್ತೆಗಾರನನ್ನು ಅವಳಷ್ಟೇ ಬಲ್ಲವನು. ಅವನ ಮುಂದೆ ಒಗ್ಗರಣೆ ಮಂಡಾಳಿನ ಪೊಟ್ಟಣ ಬಿಚ್ಚಿತ್ತು. "ಆಗಂಗಿಲ್ಲಕ್ಕ," ಎಂದ. "ಮೈಗೆ ಕಟ್ಟೋವಾಗ ಅದು ಬದಲಿ ಪಟ್ಟಿ ಕಡಿ ಮಾರಿ ಸೈತ ಹಾಕಂಗಿಲ್ಲ."

"ನನ್ನ ಗಂಡ ನೀಲಿಗೆ ಚಪ್ಪಲಿ ತಂದಾನ."

ಖಾಜಾ ಪೊಟ್ಟಣ ಮುಚ್ಚಿದ. "ಅದಕ್ಕ ಏನಕ್ಕ... ಮೊನ್ನಿ ನಾಗಪ್ಪನ ಹೆಂಡತಿ ಸಿಕ್ಕಿದ್ಲು. ಗಂಡ ಮೇಲೆ ಬಂದಾಗಿಂದ ಸಿಟ್ಟ ಮಾಡೇ ಇಲ್ಲಂತ. ದೇವರಿಗೆ ಕಾಯಿ ಒಡಿಸ್ಯಾಳ."

"ಕಿಟಕ್ಯಾಗ ಅವನ ಸಿಟ್ಟು ಖಾಲಿ ಇಡ್ರಿ ಅಂತ ಆಕಿನ ಬರ್ಸಿದ್ಲು."

"ಹೌದು."

ತಪ್ಪು ಹುಡುಕಲು ಬಹಳ ಹೊತ್ತು ಬೇಕಾಗಲಿಲ್ಲ. ಪಾಳಿ ಬದಲಾಗುವಾಗ ಗಣಿಯಿಂದ ಗುಂಪುಗುಂಪಾಗಿ ಜನ ಮೇಲೆ ಬರುತ್ತಾರೆ. ಒಬ್ಬೊಬ್ಬರನ್ನು ಕಟ್ಟಲು ಪತ್ತೆಗಾರನಿಗೆ ಅರ್ಧ ದಿನ ಬೇಕು. ಅದನ್ನು ಬೇಗ ಮಾಡಲು ಖಾಜಾ ಅದಕ್ಕೆ ಹೊಸದಾಗಿ ನೆನಪಿನ ಶಕ್ತಿ ಕೊಟ್ಟಿದ್ದ. ಒಮ್ಮೆ ಹುಡುಕಿದ್ದನ್ನು ಮತ್ತೆ ಹುಡುಕಬೇಡ, ಆಗ ಸಿಕ್ಕ ಉತ್ತರವನ್ನೇ ಕೊಡು. ಇಳಿಯುವಾಗ ಕಿಟಕಿಗೆಂದು ನೀಲಿಯ ಸಾವನ್ನು ಹುಡುಕಿದಾಗ ಸಿಕ್ಕಿದ್ದು ಬದಲಿ ವಾಕ್ಯ. ತಿಂಗಳುಗಳ ನಂತರ ಮೈಗೆಂದು ಅದೇ ಸಾವನ್ನು ಕರೆದಾಗ ಪತ್ತೆಗಾರ ಪಟ್ಟಿಯನ್ನು ತೆರೆಯಲಿಲ್ಲ, ಮೂಲವನ್ನೂ ತೆರೆಯಲಿಲ್ಲ. ಗೊತ್ತಿದೆ ಎಂದಿತು. ಹೊಟ್ಟೆ, ಕೈ, ಮೂಗು ಮೈಯಲ್ಲೇ ಇದ್ದವು, ಅವನ್ನು ಹುಡುಕುವ ಅಗತ್ಯವೇ ಇರಲಿಲ್ಲ. ಅದಕ್ಕೇ ಯಾರಿಗೂ ಬೇಗ ಗೊತ್ತಾಗಲಿಲ್ಲ. ಮನೆಯವರು ಸೇರಿಸಿದ ಬದಲಿಗಳು ಮಾತ್ರ ಗಾಜಿನಿಂದ ಮೈಯೊಳಗೆ ಇಳಿದಿದ್ದವು.

"ಹೆಸರು ನೆನಪಿಟ್ಟೆ," ಎಂದ ಖಾಜಾ. "ಯಾರ ಸಲುವಾಗಿ ಹುಡುಕಿದ್ದು ಅಂಬೋದು ಇಡ್ಲಿಲ್ಲ. ಒಂದ ಸಾಲು ಅಕ್ಕಾ. ಒಂದ ಸಾಲು ಬಿಟ್ಟೆ."

ಅವಳು ಪರದೆಯಲ್ಲಿ ಗಂಡನ ಹೆಸರನ್ನು ತೆರೆದಳು.

"ನಾಗಪ್ಪಂದು ಇವತ್ತ ಸರಿ ಮಾಡ್ತೀನಿ. ಅಣ್ಣಂದೂ ಮಾಡ್ಲಿ?"

"ತಡಿ."

ಸಿಟ್ಟನ್ನು ಹಿಂದಿರುಗಿಸುವುದು ಬೇರೆ. ಇದನ್ನು ಹಿಂದಿರುಗಿಸುವುದೆಂದರೆ ಅವನ ಮಗಳನ್ನು ಅವನ ಮುಂದೆ ಮತ್ತೊಮ್ಮೆ ಸಾಯಿಸಬೇಕು. ಅದನ್ನು ಮಾಡುವವಳು ತಾನು.

ಅಂದು ಸಂಜೆ ಅವಳು ಸುಲಭದ ದಾರಿ ಹಿಡಿದು ನೋಡಿದಳು. ಊಟಕ್ಕೆ ಕೂತಾಗ ಅವನ ಕೈ ಹಿಡಿದು, "ಮೌನೇಶ, ನೀಲಿ ಸತ್ತಾಳ. ದವಾಖಾನ್ಯಾಗ, ನಿನ್ನ ತೊಡಿ ಮ್ಯಾಲೇ ಸತ್ಲು," ಎಂದಳು.

ಅವನು ಗಮನವಿಟ್ಟು ಕೇಳಿದ. ತಲೆಯಾಡಿಸಿದ. "ಹೌದು, ಶಾಲಿಗೆ ಹೋಗ್ಯಾಳ," ಎಂದ. ಶೇಂಗಾ ಚಟ್ನಿ ಸ್ವಲ್ಪ ಹಾಕು ಎಂದು ತಟ್ಟೆ ಸರಿಸಿದ.

ಗೋಡೆಯಲ್ಲಿ ಹಾರ ಹಾಕಿದ ನೀಲಿಯ ಫೋಟೋ ಇತ್ತು. ಬೆಳಗ್ಗೆ ಅವನು ಅದರ ಧೂಳು ಒರೆಸಿ, ಹಾರವನ್ನು ಸರಿಪಡಿಸಿ, "ಎಷ್ಟ ಚಂದ ಬಂದೈತಿ ಫೋಟೋ," ಎಂದಿದ್ದ. ಆ ಚಪ್ಪಲಿಗಳನ್ನು ಅವಳು ನೀಲಿಯ ಹಳೆಯ ಜೋಡಿಯ ಪಕ್ಕ ಇಟ್ಟು ನೋಡಿದಳು. ಹೊಸವು ಸಣ್ಣವು. ಆಸ್ಪತ್ರೆಯ ಆ ವರ್ಷದಲ್ಲಿ ಮೈ ಸೊರಗಿದರೂ ಹುಡುಗಿಯ ಪಾದ ಬೆಳೆದಿತ್ತು. ಆ ವರ್ಷದ ನೆನಪುಗಳನ್ನೆಲ್ಲ ಕರೆಯುತ್ತಿದ್ದದ್ದು ಸಾವು ಒಂದೇ. ಅದು ಹೋದಾಗ ಅವುಗಳನ್ನು ಕರೆಯುವವರು ಉಳಿಯಲಿಲ್ಲ. ಅವನ ಬಳಿ ಇದ್ದದ್ದು ಕಾಯಿಲೆಗಿಂತ ಮುಂಚಿನ ನೀಲಿ.

ಮೈಗೆ ಏನನ್ನೇ ಕೊಡುವ ಮುನ್ನ ಅದನ್ನು ಗಾಜಿನಲ್ಲಿ ಓಡಿಸಿ ನೋಡಬೇಕೆಂಬುದು ಗಣಿಯ ನಿಯಮ. ಮರುದಿನ ಮಧ್ಯಾಹ್ನ ಹುಲಿಗೆಮ್ಮ ಪರೀಕ್ಷೆಯ ಕೋಣೆಗೆ ಹೋಗಿ, ಆ ಬದಲಿಯನ್ನು ತೆಗೆದು, ಮೂಲದಿಂದ ಮೌನೇಶನನ್ನು ಗಾಜಿನಲ್ಲಿ ಎಬ್ಬಿಸಿದಳು.

ಅವನು ಅವಳನ್ನು ನೋಡಿದ.

"ಹುಲಿಗಿ," ಎಂದ. "ಆಕಿ ಕೂದಲಾ ಉದುರಿದ ದಿನ ಏನಂದ್ಲು, ನೆನಪೈತಿ?"

"ಏನಂದ್ಲು?" ಅವಳಿಗೆ ನೆನಪಿತ್ತು. ಅವನ ಬಾಯಿಂದ ಕೇಳಬೇಕಿತ್ತು.

"'ಅಪ್ಪಾ, ಈಗ ನಾ ನಿನ್ನಂಗ ಕಾಣ್ತೀನಿ.' ನನ್ನ ಬೋಳು ತಲಿ ಮ್ಯಾಲೆ ಕೈ ಇಟ್ಟು, ಆಮ್ಯಾಲೆ ತನ್ನ ತಲಿ ಮ್ಯಾಲೆ ಇಟ್ಟು. 'ಎರಡೂ ಒಂದ ಅಂಗಡಿ ಮಾಲು' ಅಂದ್ಲು."

ಹುಲಿಗೆಮ್ಮ ನಕ್ಕಳು. ನಗು ಮುಗಿಯುವ ಮೊದಲೇ ಅದು ಬೇರೆಯದಾಯಿತು. ಗಾಜಿನಲ್ಲಿ ಅವನೂ ಅತ್ತ. ಕಣ್ಣೀರು ಬರುತ್ತಿತ್ತು, ಒರೆಸಿಕೊಳ್ಳಲು ಕೈ ಇರಲಿಲ್ಲ. ದವಾಖಾನೆ ನೆನಪಾಗುತ್ತದೆ, ಅದರ ವಾಸನೆ ನೆನಪಾಗುವುದಿಲ್ಲ ಎಂದ. ಅದು ಒಳ್ಳೆಯದೇ ಎಂದ.

ಅವಳು ಎಲ್ಲವನ್ನೂ ಹೇಳಿದಳು. ಚಪ್ಪಲಿಯದನ್ನು, ಚಟ್ನಿಯದನ್ನು. "ಏನ್ ಮಾಡ್ಲಿ? ಅವಗ ಕೊಡ್ಲಿ?"

"ಬ್ಯಾಡ," ಎಂದ. "ಒಬ್ಬಾವನರ ನಕ್ಕೋಂತ ಇರ್ಲಿ. ನಾ ಇಟ್ಕೋತೀನಿ. ನೀ ಬರ್ತಿರು."

ಅವಳು ಹೋಗುತ್ತಿದ್ದಳು. ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಪರೀಕ್ಷೆಯ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು ಗಂಡನ ಜೊತೆ ಅಳುತ್ತಿದ್ದಳು. ಸಂಜೆ ಮನೆಗೆ ಬಂದು ಗಂಡನ ಜೊತೆ ಉಣ್ಣುತ್ತಿದ್ದಳು. ಒಬ್ಬನಿಗೆ ಕೈಗಳಿದ್ದವು, ಇನ್ನೊಬ್ಬನಿಗೆ ಮಗಳಿದ್ದಳು. ಇದು ಎಷ್ಟು ಬೇಗ ಅಭ್ಯಾಸವಾಯಿತೆಂಬುದು ಅವಳಿಗೇ ಹೆದರಿಕೆ ಹುಟ್ಟಿಸಿತು. ಖಾಜಾ ಪ್ರತಿದಿನ ಆ ಹೆಸರಿನ ಮುಂದೆ 'ಪರೀಕ್ಷೆ ಮುಗಿದಿಲ್ಲ' ಎಂದು ಗುರುತು ಹಾಕುತ್ತಿದ್ದ. ಒಮ್ಮೆ ಮಾತ್ರ, "ಅಕ್ಕಾ, ನಾಗಪ್ಪನ ಹೆಂಡತಿ ಬಂದು ನನ್ನ ಬೈದು ಹೋದ್ಲು. ಸಿಟ್ಟು ಯಾಕ ವಾಪಸ್ ಕೊಟ್ಟಿ, ನಿಮ್ಮಪ್ಪನ ಗಂಟೇನು ಹೋಗ್ತಿತ್ತು ಅಂತ," ಎಂದ. ಅವಳು ನಗಲಿ ಎಂದೇ ಹೇಳಿದ್ದ. ಅವಳು ನಗಲಿಲ್ಲ.

ಕಾಲೊನಿಯ ಶಾಲೆಯ ಗೇಟು ಕಾಯುವ ಶರಣಮ್ಮ ಗಿರಣಿಯಲ್ಲಿ ಸಿಕ್ಕದಿದ್ದರೆ ಹಾಗೆಯೇ ನಡೆಯುತ್ತಿತ್ತೇನೋ.

"ಹುಲಿಗೆಮ್ಮಾ, ನಿನ್ನ ಗಂಡಗ ಒಂದೀಟು ಹೇಳು ಬೇ," ಎಂದಳು ಶರಣಮ್ಮ, ಹಿಟ್ಟಿನ ಡಬ್ಬಿಯನ್ನು ಸೊಂಟಕ್ಕೇರಿಸುತ್ತ. "ದಿನಾ ಬಂದು ಗೇಟಿಗೆ ನಿಂದರ್ತಾನ."

"ಯಾಕ?"

"ನನ್ನ ಕೇಳ್ತಿ? ಕೂಸುಗಳೆಲ್ಲ ಹೋಗ್ತಾವ, ಮಾಸ್ತರ್‍ಗೋಳು ಹೋಗ್ತಾರ, ಇಂವ ನಿಂತೇ ಇರ್ತಾನ. ನಾ ಕೀಲಿ ಹಾಕಿದ್ರ, 'ಇನ್ನೂ ಬಿಟ್ಟಿಲ್ಲೇನಬೇ' ಅಂತ ಕೇಳ್ತಾನ. ಏನ್ ಹೇಳ್ಬೇಕು ನಾ? ಮೊದ್ಲ ಪಾಪ ಅಂದ್ರು ಎಲ್ಲಾರೂ. ಈಗ ಹೆಣ್ಮಕ್ಕಳು ಅಂಜಿ ಕೂಸುಗಳ್ನ ಹಿಂದಿನ ಗೇಟಿನಾಗ ಕರ್ಕೊಂಡು ಹೋಗಾಕತ್ತಾರ."

ಮರುದಿನ ಅವಳು ಪರೀಕ್ಷೆಯ ಕೋಣೆಗೆ ಹೋಗದೆ ಶಾಲೆಯ ಕಡೆ ಹೋದಳು. ರಸ್ತೆಯಾಚೆಯ ಸೈಕಲ್ ಅಂಗಡಿಯ ನೆರಳಲ್ಲಿ ನಿಂತಳು. ಬಿಸಿಲಿಗೆ ಡಾಂಬರು ಮೆತ್ತಗಾಗಿತ್ತು. ಮೌನೇಶ ಗೇಟಿನ ಎದುರು ನಿಂತಿದ್ದ, ಕೈಯಲ್ಲಿ ಬೆಲ್ಲದ ಶೇಂಗಾ ಚಿಕ್ಕಿಯ ಪೊಟ್ಟಣ. ಗಂಟೆ ಹೊಡೆಯಿತು. ಮಕ್ಕಳು ನುಗ್ಗಿ ಹೊರಬಂದರು. ಅವನು ಪ್ರತಿ ಮುಖವನ್ನೂ ನೋಡಿದ, ಪ್ರತಿ ಮುಖಕ್ಕೂ ಅಷ್ಟೇ ಖುಷಿಪಟ್ಟ. ಮೈದಾನ ಖಾಲಿಯಾಯಿತು. ಕಾಯುವವರಿಗೆ ಬೇಸರವಾಗುತ್ತದೆ, ಅನುಮಾನ ಬರುತ್ತದೆ, ಅವರು ಕಾಲು ಬದಲಿಸುತ್ತಾರೆ. ಅವನಿಗೆ ಏನೂ ಆಗಲಿಲ್ಲ. ಮುಚ್ಚಿದ ಗೇಟಿನ ಎದುರು, ಈಗಷ್ಟೇ ಬಂದವನ ಹಾಗೆ ನಿಂತಿದ್ದ.

ಅವಳು ರಸ್ತೆ ದಾಟಿದಳು.

"ನೀ ಯಾಕ ಬಂದಿ ಈ ಬಿಸಲಾಗ?" ಎಂದ. "ನಾ ಕರ್ಕೊಂಡು ಬರ್ತಿದ್ದೆನಲ್ಲ."

ಅವನ ಕುತ್ತಿಗೆಯ ಹಿಂಭಾಗ ಬಿಸಿಲಿಗೆ ಕಪ್ಪಾಗಿ ಸುಲಿದಿತ್ತು. ಅವಳು ಅದನ್ನು ಅಲ್ಲಿಯವರೆಗೆ ಗಮನಿಸಿರಲಿಲ್ಲ.

ಗಾಜಿನಲ್ಲಿದ್ದವನಿಗೆ ಹೇಳಿದಾಗ ಅವನು ಕೇಳಿದ್ದು ಸ್ವಲ್ಪವೇ.

"ದಿನಾ?"

"ದಿನಾ."

"ನಾಳಿನೂ ಹೋಗ್ತಾನ?"

"ಸಾಯೋ ತನಕ ಹೋಗ್ತಾನ. ಅವಗ ಅದು ಮುಗಿಯೋದ ಇಲ್ಲ."

ಅವನು ಕಣ್ಣು ಮುಚ್ಚಿದ. ತೆರೆದಾಗ ಮುಖ ಗಟ್ಟಿಯಾಗಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಯಂತ್ರ ನಿಲ್ಲಿಸಲೇ ಎಂದು ಕೇಳಿದಾಗ ಹೂಂ ಎಂದ ಮುಖ.

"ಕೊಟ್ಟುಬಿಡು," ಎಂದ.

"ನೀ?"

"ನಾನೇನ್ ಬ್ಯಾರೇನ? ಅಲ್ಲೇ ಇರ್ತೀನಿ."

"ಈ ಕೋಣ್ಯಾಗ ಆಡಿದ ಮಾತು ಯಾವುದೂ ಅಲ್ಲಿ ಇರಂಗಿಲ್ಲ. ಪರೀಕ್ಷೆ ಅಂತ ಒರಸ್ತಾರ."

ಅವನು ಅದನ್ನು ಯೋಚಿಸಿರಲಿಲ್ಲ. "ಹಂಗಾದ್ರ," ಎಂದ ನಿಧಾನವಾಗಿ, "ನಾವಿಬ್ರೂ ಅತ್ತದ್ದು ನಿನಗೊಬ್ಬಾಕಿಗೇ ಗೊತ್ತಿರ್ತೈತಿ."

"ಹೂಂ."

"ಅವಗ ಮೊದಲಿಂದ ಅಳ್ಬೇಕು. ನಿನಗ ಮತ್ತೊಮ್ಮೆ."

ಅವಳು ಅಂಗೈಯನ್ನು ಗಾಜಿಗಿಟ್ಟಳು. ಆ ಕಡೆಯಿಂದ ಇಡಲು ಕೈ ಇರಲಿಲ್ಲ. ಅವನು ಅವಳ ಅಂಗೈ ಇದ್ದ ಜಾಗವನ್ನೇ ನೋಡುತ್ತಿದ್ದ. ಅವಳು ಇನ್ನೊಂದು ಕೈಯಿಂದ ಅವನನ್ನು ಆರಿಸಿದಳು.

ಮೈಗೆ ಕೊಡಲು ಮೈಯವನ ಒಪ್ಪಿಗೆ ಬೇಕೆಂಬ ನಿಯಮವೂ ಇತ್ತು. ಒಪ್ಪಿಗೆ ಕೊಟ್ಟವನು ಗಾಜಿನಲ್ಲಿದ್ದ, ಈಗ ಎಲ್ಲೂ ಇರಲಿಲ್ಲ. ಖಾಜಾ ಅದನ್ನು ಕೇಳಲಿಲ್ಲ. ಆ ಬಿಟ್ಟುಹೋದ ಸಾಲನ್ನು ಅವನು ಎಂದೋ ಸೇರಿಸಿದ್ದ. ಈಗ ಪತ್ತೆಗಾರ ಹೆಸರಿನ ಜೊತೆಗೆ ಯಾರಿಗಾಗಿ ಎಂಬುದನ್ನೂ ನೆನಪಿಡುತ್ತಿತ್ತು.

ಮೌನೇಶ ಕೋಣೆಯ ಮಂಚದ ಮೇಲೆ ಅಂಗಿಯ ಗುಂಡಿ ಬಿಚ್ಚಿ ಖುಷಿಯಾಗಿ ಮಲಗಿದ. "ಏನಪಾ ಖಾಜಾ, ನಾಗಪ್ಪಗ ಸಿಟ್ಟು ವಾಪಸ್ ಕೊಟ್ರಂತಲ್ಲ. ನನಗೇನ್ ಕೊಡ್ತೀರಿ?"

ಖಾಜಾ ತಂತಿಗಳ ಕಡೆ ಬಗ್ಗಿದ. "ಸಣ್ಣದೊಂದು ಬಿಟ್ಟೈತಿ, ಅಣ್ಣ."

"ಲಗೂ ಮುಗಸ್ರಿ. ಶಾಲಿ ಬಿಡೋ ಹೊತ್ತಾತು."

ಹುಲಿಗೆಮ್ಮ ಪರದೆಯ ಮುಂದೆ ಕೂತಳು. ಪತ್ತೆಗಾರ ಸಾವಿನಿಂದ ಹೊರಟು ಹಿಂದೆ ಹಿಂದೆ ನಡೆಯುತ್ತ ಹೋಯಿತು. ತೊಡೆಯ ಮೇಲಿನ ಭಾರ, ಸಲೈನಿನ ಬಾಟಲಿ, ಉದುರಿದ ಕೂದಲು, ಒಂದೇ ಅಂಗಡಿಯ ಮಾಲು. ಒಂದು ಇನ್ನೊಂದನ್ನು ಕರೆಯಿತು. ಕರೆದದ್ದೆಲ್ಲ ಬಂತು. ಎಲ್ಲೂ ತಪ್ಪು ತೋರಿಸಲಿಲ್ಲ.

ಅವನು ಎದ್ದು ಕೂತಾಗ ಯಾರ ಕಡೆಗೂ ನೋಡಲಿಲ್ಲ. ಗುಂಡಿಗಳನ್ನು ಹಾಕಿಕೊಂಡ, ಒಂದನ್ನು ತಪ್ಪಾಗಿ. ಮನೆಗೆ ಮುಂದೆ ಮುಂದೆ ನಡೆದ. ಶಾಲೆಯ ರಸ್ತೆಗೆ ತಿರುಗಲಿಲ್ಲ.

ಬಾಗಿಲಲ್ಲಿ ಗೂಡಿನ ಮುಂದೆ ಬಗ್ಗಿ ಕೆಂಪು ಚಪ್ಪಲಿಯೊಂದನ್ನು ಎತ್ತಿಕೊಂಡ. ಅದರೊಳಗೆ ನಾಲ್ಕು ಬೆರಳಿಟ್ಟ.

"ಸಣ್ಣವಾದ್ವು," ಎಂದ. "ಆಕಿ ಕಾಲು ದೊಡ್ಡದಾಗಿತ್ತು."

"ಹೂಂ," ಎಂದಳು ಹುಲಿಗೆಮ್ಮ.

"ಯಾಕ ವಾಪಸ್ ಕೊಟ್ಟಿ?"

"ನೀನ ಹೇಳಿದ್ದಿ."

"ನಾ ಯಾವಾಗ ಹೇಳ್ದೆ?"

ಆ ಮಧ್ಯಾಹ್ನಗಳನ್ನು ಎಲ್ಲಿಂದ ಶುರು ಮಾಡುವುದು? ಅವನು ಒಮ್ಮೆಯೂ ಕೂತಿರದ ಕೋಣೆಯಲ್ಲಿ ಅವನು ಅತ್ತಿದ್ದನ್ನು ಅವನಿಗೆ ಹೇಗೆ ಹೇಳುವುದು? "ನನಗೊಬ್ಬಾಕಿಗೇ ಆಗ್ಲಿಲ್ಲ," ಎಂದಳು. ಅದೂ ನಿಜವೇ ಆಗಿತ್ತು.

ಅವನು ಚಪ್ಪಲಿಯನ್ನು ಎಲ್ಲಿಂದ ತೆಗೆದಿದ್ದನೋ ಅಲ್ಲಿಯೇ ಇಟ್ಟ.

ಒಳಗೆ ಈರಮ್ಮ ಎಚ್ಚರವಾಗಿದ್ದಳು. ಸಂಜೆಯ ಬೆಳಕು ಅವಳ ಕಾಲ ಬಳಿ ಬಿದ್ದಿತ್ತು. "ಯಾರು, ಮೌನ್ಯಾನೇನ?" ಎಂದಳು. "ಕೂಸೆಲ್ಲಿ?"

ಮೌನೇಶ ಹಳೆಯ ಅಭ್ಯಾಸದಂತೆ ಗೋಡೆಯ ಕಡೆ ಮುಖ ತಿರುಗಿಸಿದ. ಅಲ್ಲಿ ಆರಿದ ಕಿಟಕಿ ಕಪ್ಪಾಗಿತ್ತು. ಅವನು ಮರೆಮಾಡಿದ ಮುಖವನ್ನು ಆ ಗಾಜು ಪೂರ್ತಿಯಾಗಿ ಕೋಣೆಗೆ ತೋರಿಸುತ್ತಿತ್ತು.

"ಶಾಲಿಗೆ ಹೋಗ್ಯಾಳವ್ವ," ಎಂದ.

ಮುದುಕಿ ಗಾಜನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಚಿಕ್ಕ ಹುಡುಗನನ್ನು ಸಮಾಧಾನ ಮಾಡುವ ದನಿಯಲ್ಲಿ ಹೇಳಿದಳು:

"ಅದಕ್ಯಾಕ ಅಳ್ತೀಯೋ ಹುಚ್ಚಾ? ಶಾಲಿಗೆ ಹೋದ ಕೂಸು ಸಂಜಿಗೆ ಬರ್ತೈತಿ."